ಧಾರೆಯ ಹೊತ್ತಿಗೆ ನೆಂಟರ ಫೋನು: ಬೇಡ ಅನ್ನಬೇಕೇ?

ಪ್ರಶ್ನೆ: ನಮ್ಮದು ಡೊಂಬಿವಲಿ. ಮುಂದಿನ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಮಾಟುಂಗದ ಹಾಲ್‌ನಲ್ಲಿ ಮಗಳ ಮದುವೆ. ಗಂಡಿನವರು ಥಾಣೆಯ ಮರಾಠಿ ಮನೆಯವರು, ಫೋಟೊಗ್ರಾಫರ್‌ನ್ನು ಗೊತ್ತು ಮಾಡಿದ್ದೂ ಅವರ ಪರಿಚಯದ ಮೇಲೆ. 'ಧಾರೆ ನಡೆಯುವಾಗ ಬಂದವರು ಫೋಟೊ ತೆಗೆಯಬಾರದು, ತೆಗೆದರೆ ನಮ್ಮ ಫೋಟೊ ಕೆಟ್ಟರೆ ನಾವು ಹೊಣೆಯಲ್ಲ' ಎಂದು ಒಪ್ಪಂದದಲ್ಲಿ ಬರೆದಿದ್ದಾರೆ. ಇತ್ತ ನನ್ನ ಮೈದುನನ ಮಗ ಹೊಸ ಕ್ಯಾಮೆರಾ ಕೊಂಡಿದ್ದಾನೆ. 'ದೊಡ್ಡಮ್ಮ, ಅಕ್ಕನ ಮದುವೆ ಪೂರ್ತಿ ನಾನೂ ತೆಗೀತೀನಿ' ಅಂತಾನೆ. ನಮ್ಮ ಅತ್ತೆಗೆ 86 ವರ್ಷ. ಶಿವಮೊಗ್ಗದಿಂದ ಬರುವ ಹಾಗಿಲ್ಲ, ವಿಡಿಯೊ ಕಾಲ್‌ನಲ್ಲಾದರೂ ಧಾರೆ ನೋಡಬೇಕು ಅಂತ ಆಸೆ. ನೆಂಟರಿಗೆ ಫೋಟೊ ತೆಗೀಬೇಡಿ ಅಂತ ಹೇಳೋದು ಹೇಗೆ? ಹೇಳಲೇಬೇಕಾ?

ಉತ್ತರ:

ಹೇಳಬೇಕು. ಆದರೆ ಅಂತರಪಟ ಹಿಡಿದಲ್ಲಿಂದ ತಾಳಿ ಕಟ್ಟಿ ಮುಗಿಯುವ ತನಕ ಮಾತ್ರ, ಅಂದರೆ ಸುಮಾರು ಅರ್ಧ ಗಂಟೆ. ಅಷ್ಟು ಹೊತ್ತು ಮಂಟಪದ ಎದುರಿನ ಜಾಗವನ್ನು ಫೋಟೊಗ್ರಾಫರ್‌ಗೆ ಬಿಟ್ಟುಕೊಡಿ. ಉಳಿದ ಹೊತ್ತು ಯಾರನ್ನೂ ತಡೆಯಬೇಡಿ. ಮುಂಬೈ, ಥಾಣೆ ಕಡೆಯ ಕನ್ನಡ ಮದುವೆಗಳ ಫೋಟೊ ತೆಗೆಯುವುದೇ ನನ್ನ ಕಸುಬು. ಹಾಗಾಗಿ ನಿಮ್ಮ ಫೋಟೊಗ್ರಾಫರ್ ಪಾಡು ನನಗೆ ಚೆನ್ನಾಗಿ ಗೊತ್ತು. ಆದರೂ ಮದುವೆ ಪೂರ್ತಿ ನೆಂಟರ ಫೋನು ಒಳಗಿರಲಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಮದುವೆಗೆ ಬಂದವರು ಸುಮ್ನೆ ಕೂತು ನೋಡುವವರಲ್ಲ. ಅಕ್ಷತೆ ಹಾಕುವವರು ಅವರು, ಆರತಿ ಎತ್ತುವವರು ಅವರು, ಎಷ್ಟೋ ಮನೆಗಳಲ್ಲಿ ಸಾಲಾಗಿ ಬಂದು ಧಾರೆ ಎರೆಯುವವರೂ ಅವರೇ. ಅವರು ಕಂಡ ಮದುವೆಯ ನೆನಪು ಅವರ ಫೋನಿನಲ್ಲೂ ಇರಬೇಕು.

ಹಾಗಾದರೆ ಆ ಅರ್ಧ ಗಂಟೆ ಯಾಕೆ ಬೇರೆ? ಧಾರೆಯ ಹೊತ್ತಿನ ಮಂಟಪವನ್ನು ಕಣ್ಣಮುಂದೆ ತಂದುಕೊಳ್ಳಿ. ಹುಡುಗನ ಬೊಗಸೆಯ ಮೇಲೆ ಹುಡುಗಿಯ ಬೊಗಸೆ, ಅದರಲ್ಲಿ ತೆಂಗಿನಕಾಯಿ. ನೀವು ಮೇಲಿನಿಂದ ಧಾರೆ ಬಿಡುತ್ತೀರಿ, ನಿಮ್ಮ ಯಜಮಾನರು ಕೈ ಹಿಡಿದಿರುತ್ತಾರೆ. ಒಂದು ಪಕ್ಕಕ್ಕೆ ಭಟ್ಟರು, ಅವರ ಚಾಚಿದ ಕೈ. ಹಿಂದೆ ಸೋದರಮಾವ, ಸೋದರತ್ತೆ, ಕಳಶ ಹಿಡಿದ ಹುಡುಗಿ. ಮಾಟುಂಗ, ಸಾಯನ್ ಕಡೆಯ ಹಳೆಯ ಹಾಲ್‌ಗಳಲ್ಲಿ ಸ್ಟೇಜೂ ಚಿಕ್ಕದು, ಮಂಟಪವೂ ಚಿಕ್ಕದು. ನೀರು ಕಾಯಿಯ ಮೇಲೆ ಬಿದ್ದು ಬೆರಳ ಸಂದಿಯಿಂದ ಇಳಿಯುವುದು, ಮೇಲೆ ನಿಮ್ಮಿಬ್ಬರ ಮುಖ, ಇವೆರಡೂ ಒಂದೇ ಫೋಟೊದಲ್ಲಿ ಬರಬೇಕಾದರೆ ಒಂದೋ ಎರಡೋ ಜಾಗ ಮಾತ್ರ ಇರುತ್ತದೆ. ಸಾಮಾನ್ಯವಾಗಿ ಭಟ್ಟರ ಎದುರು ಮೂಲೆ, ಮೊಣಕಾಲೂರಿ ತಗ್ಗಿನಿಂದ. ಅದೇ ಮೂಲೆಗೆ ಯಾರೋ ಒಬ್ಬರು ಬಂದು ಕೈ ಎತ್ತಿ ಫೋನ್ ಹಿಡಿದರೆ ಮುಗಿಯಿತು. ಹುಡುಗಿಯ ಅಪ್ಪನ ಕಣ್ಣು ತುಂಬಿದ ಆ ಕ್ಷಣದಲ್ಲಿ ಫೋಟೊಗ್ರಾಫರ್‌ಗೆ ಕಾಣುವುದು ಯಾರದೋ ಮೊಣಕೈ. ಸಪ್ತಪದಿ ತಪ್ಪಿದರೆ ಇನ್ನೊಂದು ಹೆಜ್ಜೆ ಇಡುವಾಗ ಹಿಡಿಯಬಹುದು. ಧಾರೆಯನ್ನು ಇನ್ನೊಮ್ಮೆ ಎರೆಯಿರಿ ಅನ್ನಲಾಗುವುದಿಲ್ಲ.

ಅಂದರೆ ತೊಂದರೆ ಇರುವುದು ಫೋನುಗಳ ಸಂಖ್ಯೆಯಲ್ಲಲ್ಲ, ನಿಂತ ಜಾಗದಲ್ಲಿ. ಮೂರನೇ ಸಾಲಿನಲ್ಲಿ ಕೂತ ಐವತ್ತು ಜನ ಫೋನ್ ಹಿಡಿದರೂ ಏನೂ ಆಗುವುದಿಲ್ಲ. ಸ್ಟೇಜ್ ಹತ್ತಿದ ಒಬ್ಬರು ಸಾಕು. ಇದನ್ನು ನಿಮ್ಮ ಫೋಟೊಗ್ರಾಫರ್ ಜೊತೆ ಮಾತಾಡಿ. 'ಯಾರೂ ತೆಗೆಯಬಾರದು' ಅನ್ನುವ ಬದಲು 'ಧಾರೆ, ಮಾಂಗಲ್ಯದ ಹೊತ್ತಿಗೆ ಮನೆಯವರನ್ನು ಬಿಟ್ಟು ಯಾರೂ ಸ್ಟೇಜ್ ಮೇಲೆ ಇರಬಾರದು, ಕೆಳಗಿನಿಂದ ಫ್ಲಾಶ್ ಇಲ್ಲದೆ ತೆಗೆಯಬಹುದು' ಅಂತ ಬರೆಸಿ. ಕೆಲಸ ಗೊತ್ತಿರುವವರು ಇದಕ್ಕೆ ಒಪ್ಪುತ್ತಾರೆ. ಸ್ಟೇಜ್ ಖಾಲಿ ಇಡುವ ಹೊಣೆ ನಿಮ್ಮದು, ಒಳ್ಳೆಯ ಫೋಟೊ ಕೊಡುವ ಹೊಣೆ ಅವರದು ಎಂದೂ ಸ್ಪಷ್ಟವಾಗುತ್ತದೆ. ಈಗ ಬರೆದಿರುವ ಸಾಲಿನಲ್ಲಿ ಅವರ ಹೊಣೆ ಪೂರ್ತಿ ಜಾರಿಹೋಗುತ್ತದೆ. ಇನ್ನೂರು ಜನ ಸೇರಿದ ಕಡೆ ಯಾರಾದರೂ ಒಬ್ಬರು ಫೋನ್ ಎತ್ತಿಯೇ ಎತ್ತುತ್ತಾರೆ, ಅಲ್ವಾ?

ಫ್ಲಾಶ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಫೋನಿನಲ್ಲಿರುವುದು ಚಿಕ್ಕ ಎಲ್‌ಇಡಿ ದೀಪ. ಅದರ ಬೆಳಕು ನಾಲ್ಕಾರು ಅಡಿ ದಾಟಿದರೆ ಹೆಚ್ಚು ಉಪಯೋಗವಿಲ್ಲ. ಹಾಲ್ ಮಧ್ಯದಲ್ಲಿ ಕೂತವರು ಅದನ್ನು ಹಾಕಿದರೆ ಮುಂದಿನ ಕುರ್ಚಿಯವರ ತಲೆ ಬೆಳಗುತ್ತದೆ, ಮಂಟಪ ಮತ್ತಷ್ಟು ಕಪ್ಪಾಗುತ್ತದೆ. ಆರಿಸಿ ತೆಗೆದರೆ ಅವರ ಫೋಟೊವೇ ಚೆನ್ನಾಗಿ ಬರುತ್ತದೆ.

ನಿಮ್ಮ ಮೈದುನನ ಮಗನ ಕ್ಯಾಮೆರಾದ ಫ್ಲಾಶ್ ಹಾಗಲ್ಲ, ಅದು ಜೋರು. ಅದರಿಂದ ಎರಡು ತೊಂದರೆ. ಮೊದಲನೆಯದು ವಿಡಿಯೊಗೆ. ಈಗಿನ ಹೆಚ್ಚಿನ ವಿಡಿಯೊ ಕ್ಯಾಮೆರಾಗಳು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತವೆ. ಫ್ಲಾಶ್ ಹೊಳೆಯುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಕೆಲವು ಸಾಲು ಮಾತ್ರ ಓದಿ ಆಗಿರುತ್ತದೆ. ಹಾಗಾಗಿ ಅರ್ಧ ಚಿತ್ರ ಬೆಳ್ಳಗೆ, ಅರ್ಧ ಮಾಮೂಲಿ, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ತಾಳಿ ಕಟ್ಟುವಾಗ ಇಂಥದ್ದು ನಾಲ್ಕು ಸಲ ಆದರೆ ಎಡಿಟಿಂಗ್‌ನಲ್ಲಿ ಪೂರ್ತಿ ತೆಗೆಯುವುದು ಕಷ್ಟ. ಗೊತ್ತು ಮಾಡಿದ ಫೋಟೊಗ್ರಾಫರ್ ಫ್ಲಾಶ್‌ನಿಂದಲೂ ಇದು ಆಗುತ್ತದೆ. ಆದರೆ ಅವರೂ ವಿಡಿಯೊದವರೂ ಒಟ್ಟಿಗೆ ಕೆಲಸ ಮಾಡುವವರು. ತಾಳಿಯ ಹೊತ್ತಿಗೆ ವಿಡಿಯೊ ಲೈಟಿನಲ್ಲೇ ತೆಗೆಯೋಣ ಅಂತ ಮೊದಲೇ ಮಾತಾಡಿಕೊಳ್ಳಬಹುದು.

ಎರಡನೆಯದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸ್ಟೇಜಿನ ಎರಡು ಪಕ್ಕ ಸ್ಟ್ಯಾಂಡ್ ಮೇಲೆ ಛತ್ರಿ ಕಟ್ಟಿದ ದೊಡ್ಡ ಲೈಟ್ ಇಟ್ಟಿರುತ್ತಾರೆ ನೋಡಿ. ಅವು ಕೆಲವರಲ್ಲಿ ರೇಡಿಯೊ ಟ್ರಿಗರ್‌ನಿಂದ, ಅಂದರೆ ಅವರದೇ ಕ್ಯಾಮೆರಾದಿಂದ ಬರುವ ರೇಡಿಯೊ ಸಂಕೇತಕ್ಕೆ ಮಾತ್ರ ಹೊತ್ತುತ್ತವೆ, ಕೆಲವರಲ್ಲಿ 'ಸ್ಲೇವ್' ಮೋಡ್‌ನಲ್ಲಿ ಇರುತ್ತವೆ. ಸ್ಲೇವ್ ಅಂದರೆ ಬೇರೆ ಯಾವ ಫ್ಲಾಶ್ ಕಂಡರೂ ಅದೂ ಹೊತ್ತಿಬಿಡುತ್ತದೆ. ಯಾರ ಫ್ಲಾಶ್ ಎಂದು ಅದಕ್ಕೆ ತಿಳಿಯುವುದಿಲ್ಲ. ಹುಡುಗ ಒಂದು ಕ್ಲಿಕ್ ಮಾಡಿದರೆ ಆ ಎರಡೂ ಲೈಟ್ ಹೊಡೆದು ಖಾಲಿಯಾಗುತ್ತವೆ, ಮತ್ತೆ ತುಂಬಿಕೊಳ್ಳಲು ಒಂದೆರಡು ಸೆಕೆಂಡ್ ಬೇಕು. ಅದೇ ಹೊತ್ತಿಗೆ ಫೋಟೊಗ್ರಾಫರ್ ಕ್ಲಿಕ್ ಮಾಡಿದರೆ ಫೋಟೊ ಕಪ್ಪು. ಆದ್ದರಿಂದ 'ನಿಮ್ಮ ಲೈಟ್ ರೇಡಿಯೊದಲ್ಲಾ, ಸ್ಲೇವ್‌ನಲ್ಲಾ?' ಅಂತ ಕೇಳಿ. ಸ್ಲೇವ್ ಅಂದರೆ ಅವರು ಯಾಕೆ ಅಷ್ಟು ಕಟ್ಟುನಿಟ್ಟು ಮಾಡಿದರು ಅಂತ ನಿಮಗೂ ಅರ್ಥವಾಗುತ್ತದೆ. ರೇಡಿಯೊ ಟ್ರಿಗರ್ ತನ್ನಿ ಅಂತ ಕೇಳುವ ಹಕ್ಕೂ ನಿಮಗಿದೆ. ಅದು ಇವತ್ತು ದುಬಾರಿ ಸಾಮಾನೇನಲ್ಲ.

ಇನ್ನು ಆ ಹುಡುಗ. ಅವನ ಉತ್ಸಾಹಕ್ಕೆ ದಯವಿಟ್ಟು ನೀರೆರಚಬೇಡಿ. ಅವನಿಂದ ಆಗುವ ಕೆಲಸ ಹಣ ಕೊಟ್ಟು ಕರೆಸಿದವರಿಂದ ಆಗುವುದಿಲ್ಲ. ಗೊತ್ತು ಮಾಡಿದವರಿಗೆ ಮಂಟಪ ಬಿಟ್ಟು ಕದಲಲು ಪುರುಸೊತ್ತಿಲ್ಲ. ನಿಮ್ಮ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನುವುದೂ ಅವರಿಗೆ ತಿಳಿಯದು. ಮೂಲೆಯ ಕುರ್ಚಿಯಲ್ಲಿ ಕೂತ ಮುದುಕರು ಹುಡುಗಿಯನ್ನು ಎತ್ತಿ ಆಡಿಸಿದ ದೊಡ್ಡಜ್ಜ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಆಲ್ಬಮ್ ತಯಾರಾಗಿ ಬಂದಾಗ ಮನೆಯವರು ಮೊದಲು ಹುಡುಕುವುದೇ ಇಂಥವರನ್ನು. ಎಷ್ಟೋ ಸಲ ಸಿಗುವುದು ಊಟದ ಸಾಲಿನ ಒಂದು ಅರೆಬರೆ ಫೋಟೊ ಮಾತ್ರ. ಹಾಗಾಗಿ ಅವನಿಗೆ ಹೀಗೆ ಕೆಲಸ ಒಪ್ಪಿಸಿ: ಹಿಂದಿನ ದಿನ ಮನೆಯಲ್ಲಿ ನಡೆಯುವ ಶಾಸ್ತ್ರ ಎಲ್ಲ ಅವನದು. ಹಾಲ್‌ನಲ್ಲಿ ಬಾಗಿಲ ಹತ್ತಿರ ಪನ್ನೀರು, ಸಕ್ಕರೆ ಕೊಡುವವರು, ವಾಲಗದವರು, ಅಡುಗೆಯವರು, ಊಟದ ಪಂಕ್ತಿ, ಮಕ್ಕಳು, ಕುರ್ಚಿಯಿಂದ ಏಳಲಾಗದ ಹಿರಿಯರು, ಇವರೆಲ್ಲ ಅವನ ಪಾಲು. ಹಿರಿಯರ ಹತ್ತಿರ ಕೂತು ಮಾತಾಡಿಸುತ್ತಾ ತೆಗೆಯಲಿ. ಮುಖ ಅರಳುವುದು ಆಗಲೇ. ಧಾರೆಯ ಹೊತ್ತಿಗೆ ಅವನು ಸ್ಟೇಜ್ ಕೆಳಗೆ ನಿಂತು, ಕ್ಯಾಮೆರಾವನ್ನು ಮಂಟಪಕ್ಕೆ ಬೆನ್ನು ಮಾಡಿ ನೋಡುವವರ ಕಡೆ ತಿರುಗಿಸಲಿ. ಗಟ್ಟಿಮೇಳ ಬಾರಿಸಿದಾಗ ನಿಮ್ಮ ನಾದಿನಿ ಕಣ್ಣೊರೆಸಿಕೊಳ್ಳುವುದು, ನಿಮ್ಮ ಅಣ್ಣ ಅಕ್ಷತೆ ಎತ್ತಿದ ಕೈ ಹಾಗೇ ನಿಂತದ್ದು ಅವನಿಗೆ ಮಾತ್ರ ಸಿಗುತ್ತದೆ.

ಅವನು ಫ್ಲಾಶ್ ತರದಿದ್ದರೆ ಒಳ್ಳೆಯದು. ಕ್ಯಾಮೆರಾದಲ್ಲಿ ಫೋಕಸ್ ಮಾಡಲು ಕೆಂಪಗೆ ಹೊಳೆಯುವ ಚಿಕ್ಕ ದೀಪ ಇರುತ್ತದೆ, ಅದನ್ನೂ ಮೆನುವಿಗೆ ಹೋಗಿ ಆರಿಸಿಡಲಿ. ಮದುಮಗಳ ಹಣೆಯ ಮೇಲೆ ಕೆಂಪು ಚುಕ್ಕೆ ಬಿದ್ದ ಫೋಟೊ ಯಾರಿಗೂ ಬೇಡ. ಮದುವೆಗೆ ಒಂದು ವಾರ ಮೊದಲೇ ಫೋಟೊಗ್ರಾಫರ್‌ಗೆ ಫೋನ್ ಮಾಡಿ ತನ್ನ ಪರಿಚಯ ಹೇಳಿಕೊಳ್ಳಲಿ. 'ನಾನು ಎಲ್ಲಿ ನಿಂತರೆ ನಿಮಗೆ ಅಡ್ಡ ಆಗಲ್ಲ?' ಅಂತ ಕೇಳಿದ ಹುಡುಗನನ್ನು ಯಾವ ಫೋಟೊಗ್ರಾಫರೂ ದೂರ ಇಡುವುದಿಲ್ಲ.

ಮದುಮಗಳ ಕೋಣೆಗೆ ಇವರಿಬ್ಬರೂ ಬೇಡ. ಜಡೆಗೆ ಮೊಗ್ಗು ಮುಡಿಸುವುದು, ಸೀರೆ ನೆರಿಗೆ ಹಿಡಿಯುವುದು, ಅತ್ತಿಗೆ ಬಳೆ ತೊಡಿಸುವುದು, ಇದನ್ನೆಲ್ಲ ಹುಡುಗಿಯ ಗೆಳತಿಯೋ ಅಕ್ಕನೋ ಫೋನಿನಲ್ಲಿ ತೆಗೆಯಲಿ. ಕಿಟಕಿಯ ಬೆಳಕಿದ್ದರೆ ಫೋನಿನ ಫೋಟೊ ಬಹಳ ಚೆನ್ನಾಗಿ ಬರುತ್ತದೆ. ಒಂದೇ ಒಂದು ಎಚ್ಚರ: ಹತ್ತಿರದಿಂದ ತೆಗೆಯುವಾಗ ಫೋನಿನ ಜೂಮ್ 0.5ಕ್ಕೆ (ತುಂಬ ಅಗಲ ಕಾಣುವ ಹಾಗೆ) ಇಡಬೇಡಿ. ಅಂಚಿನಲ್ಲಿರುವವರ ಮುಖ ಉದ್ದುದ್ದ ಎಳೆದ ಹಾಗಾಗುತ್ತದೆ.

ಅಜ್ಜಿಯ ವಿಡಿಯೊ ಕಾಲ್ ನನ್ನ ಲೆಕ್ಕದಲ್ಲಿ ಆಲ್ಬಮ್‌ನಷ್ಟೇ ಮುಖ್ಯ. ಅದನ್ನು ಕೊನೇ ಗಳಿಗೆಗೆ ಬಿಡಬೇಡಿ. ಯಾರದೋ ಕೈಯಲ್ಲಿ ಹಿಡಿದ ಫೋನು ಅಲ್ಲಾಡುತ್ತದೆ. ಹಿಡಿದವರು ಕಾಣುವುದಿಲ್ಲವೆಂದು ಮುಂದೆ ಮುಂದೆ ಹೋಗುತ್ತಾರೆ, ಕೊನೆಗೆ ಸ್ಟೇಜ್ ಮೇಲೆ ಅಡ್ಡ ನಿಲ್ಲುವವರು ಅವರೇ. ಒಂದು ಚಿಕ್ಕ ಟ್ರೈಪಾಡ್ ಸಾಕು. ಅದನ್ನು ಎಲ್ಲಿ ಇಡಬೇಕೆಂದು ಫೋಟೊಗ್ರಾಫರನ್ನೇ ಕೇಳಿ. ಮಂಟಪದ ಕಂಬದ ಪಕ್ಕ ಒಂದು ಜಾಗ ತೋರಿಸುತ್ತಾರೆ. ಫೋನು ಅಡ್ಡಕ್ಕಿರಲಿ, ಚಾರ್ಜರ್ ಸಿಕ್ಕಿಸಿರಲಿ. ನಿಮ್ಮ ಫೋನೂ ಬೇಡ, ಯಜಮಾನರ ಫೋನೂ ಬೇಡ. ಭಾನುವಾರ ಸೆಂಟ್ರಲ್ ರೈಲು ಲೈನಿನಲ್ಲಿ ಮೆಗಾ ಬ್ಲಾಕ್ (ದುರಸ್ತಿಗೆಂದು ಲೋಕಲ್ ರೈಲು ತಡೆಯುವುದು) ಇದ್ದರೆ 'ಎಲ್ಲಿ ಇಳೀಬೇಕು, ಹಾಲ್ ಎಲ್ಲಿ' ಅಂತ ನೆಂಟರು ಮುಹೂರ್ತದ ಹೊತ್ತಿಗೇ ಕರೆ ಮಾಡುತ್ತಾರೆ, ಅಜ್ಜಿಯ ಕಾಲ್ ಅಲ್ಲೇ ನಿಲ್ಲುತ್ತದೆ. ಯಾರೂ ಕರೆ ಮಾಡದ ಒಂದು ಫೋನು ಹುಡುಕಿ. ಹಾಲ್ ಒಳಗೆ ಯಾವ ಕಂಪನಿಯ ನೆಟ್‌ವರ್ಕ್ ಸಿಗುತ್ತದೆ ಎಂದು ಮುಂಚೆ ಒಂದು ದಿನ ಹೋಗಿ ನೋಡಿ. ಶಿವಮೊಗ್ಗದಲ್ಲಿ ಅಜ್ಜಿಯ ಜೊತೆ ಯಾರಾದರೂ ಇರಲಿ. ಸಾಧ್ಯವಾದರೆ ಅಲ್ಲಿ ಟಿವಿಗೆ ಹಾಕಲಿ. ಯೂಟ್ಯೂಬ್ ಲೈವ್ ಮಾಡಿಕೊಡುತ್ತೇವೆ ಅಂತ ವಿಡಿಯೊದವರು ಹೇಳಬಹುದು. ಊರಿನ ನೆಂಟರಿಗೆ ಅದು ಸರಿ, ಆದರೆ ಒಂದಷ್ಟು ಸೆಕೆಂಡ್ ತಡವಾಗಿ ಕಾಣುತ್ತದೆ, ಈ ಕಡೆಯವರಿಗೆ ಅಜ್ಜಿ ಕಾಣುವುದಿಲ್ಲ. ತಾಳಿ ಕಟ್ಟಿದ ಕೂಡಲೇ ಮೊಮ್ಮಗಳು ಫೋನಿನ ಕಡೆ ತಿರುಗಿ ನಮಸ್ಕಾರ ಮಾಡಬೇಕಾದರೆ ವಿಡಿಯೊ ಕಾಲೇ ಸರಿ.

ಈಗ, ಬಂದವರಿಗೆ ಹೇಳುವುದು ಹೇಗೆ? ಲಗ್ನಪತ್ರಿಕೆಯಲ್ಲಿ ಹಾಕಬೇಡಿ. ಬಾಗಿಲಲ್ಲಿ ಬೋರ್ಡೂ ಬೇಡ. ದೂರದಿಂದ ಬಂದವರಿಗೆ ಮೊದಲು ಕಾಣುವ ಮಾತು 'ಬೇಡ' ಅಂತ ಇರಬಾರದು. ಭಟ್ಟರ ಕೈಯಲ್ಲಿ ಹೇಳಿಸಿ. ಅಂತರಪಟ ಹಿಡಿಯುವ ಮುಂಚೆ ಮೈಕಿನಲ್ಲಿ ಅವರೇ ಹೇಳಲಿ: 'ಎಲ್ಲರೂ ಎರಡೂ ಕೈಯಲ್ಲಿ ಅಕ್ಷತೆ ಹಿಡಿದುಕೊಳ್ಳಿ. ತಾಳಿ ಆಗುವ ತನಕ ಕೂತ ಜಾಗದಿಂದಲೇ ಆಶೀರ್ವಾದ ಮಾಡಿ. ಆಮೇಲೆ ಫೋಟೊಗೆ ಎಲ್ಲರಿಗೂ ಅವಕಾಶ ಇದೆ.' ಭಟ್ಟರು ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಅಕ್ಷತೆ ಹಿಡಿದ ಕೈಗೆ ಫೋನ್ ಹಿಡಿಯಲೂ ಆಗುವುದಿಲ್ಲ. ಇದೇ ಮಾತನ್ನು ಗಂಡಿನ ಕಡೆಯ ಹಿರಿಯರೊಬ್ಬರು ಮರಾಠಿಯಲ್ಲಿ ಹೇಳಲಿ. ಮದುಮಗನ ಗೆಳೆಯರಿಗೆ ಮದುಮಗನೇ ಎರಡು ದಿನ ಮೊದಲು ಒಂದು ಮೆಸೇಜ್ ಹಾಕಿದರೆ ಸಾಕು. ಎರಡೂ ಕಡೆಯಿಂದ ಒಬ್ಬೊಬ್ಬ ಮನುಷ್ಯ, ಯಾರ ಮಾತು ನಡೆಯುತ್ತದೋ ಅಂಥವರು, ಸ್ಟೇಜ್ ಮೆಟ್ಟಿಲ ಹತ್ತಿರ ನಿಂತಿರಲಿ. ಫೋಟೊಗ್ರಾಫರೇ ನೆಂಟರನ್ನು ಬೈದು ಇಳಿಸುವ ಹಾಗೆ ಆಗಬಾರದು. ನೋಡಲು ಚೆಂದವಿಲ್ಲ, ಅವರ ಗಮನವೂ ಕೆಡುತ್ತದೆ.

ನಿಮ್ಮ ವಿಷಯದಲ್ಲಿ ಇನ್ನೊಂದಿದೆ. ಫೋಟೊಗ್ರಾಫರ್ ಗಂಡಿನವರ ಪರಿಚಯ ಅಂದಿರಿ. ಮರಾಠಿ ಮದುವೆಯಲ್ಲಿ ಮಂಗಲಾಷ್ಟಕ ಹೇಳಿ ಅಂತರಪಟ ಸರಿಸಿ ಹಾರ ಬದಲಾಯಿಸುವಾಗ ಎಲ್ಲರೂ ಅಕ್ಷತೆ ಹಾಕುತ್ತಾರೆ, ಅದೇ ದೊಡ್ಡ ಗಳಿಗೆ. ನಮ್ಮಲ್ಲಿ ಹಲವರ ಮನೆಯಲ್ಲಿ ಅಂತರಪಟ ಸರಿದು ಜೀರಿಗೆ ಬೆಲ್ಲ ಹಾಕಿಕೊಂಡ ಮೇಲೆ ಧಾರೆ, ಆಮೇಲೆ ಗಟ್ಟಿಮೇಳದ ಜೊತೆ ತಾಳಿ. ಕನ್ನಡದವರ ಮದುವೆ ಹೆಚ್ಚು ಮಾಡದ ಫೋಟೊಗ್ರಾಫರ್ ಹಾರ ಆದ ಕೂಡಲೇ ಮುಖ್ಯವಾದದ್ದು ಮುಗಿಯಿತೆಂದು ಬ್ಯಾಟರಿ ಬದಲಾಯಿಸಲು ಹೋಗಬಹುದು. ಭಟ್ಟರನ್ನು ಕೇಳಿ ಯಾವ ಶಾಸ್ತ್ರದ ನಂತರ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ. ಧಾರೆ, ತಾಳಿ, ಕಾಲುಂಗುರ, ಸಪ್ತಪದಿ, ಒಪ್ಪಿಸಿಕೊಡುವುದು, ಇವುಗಳ ಕೆಳಗೆ ಗೆರೆ ಎಳೆಯಿರಿ. ನೆಂಟರ ಫೋನಿಗಿಂತ ಈ ಹಾಳೆ ಇಲ್ಲದಿರುವುದರಿಂದಲೇ ಫೋಟೊ ಜಾಸ್ತಿ ತಪ್ಪುತ್ತದೆ ಎಂಬುದು ನನ್ನ ಅನುಭವ.

ಗ್ರೂಪ್ ಫೋಟೊಗೆ ಒಂದೇ ನಿಯಮ: ಮೊದಲು ಗೊತ್ತು ಮಾಡಿದ ಕ್ಯಾಮೆರಾ, ಆಮೇಲೆ ಫೋನುಗಳು. ಎದುರಿಗೆ ಐದು ಕಡೆಯಿಂದ 'ಇಲ್ಲಿ ನೋಡಿ, ಇಲ್ಲಿ ನೋಡಿ' ಅಂದರೆ ಹತ್ತು ಜನ ಹತ್ತು ದಿಕ್ಕಿಗೆ ನೋಡುತ್ತಾರೆ. ಫೋಟೊಗ್ರಾಫರ್ 'ಆಯ್ತು' ಅಂದ ಮೇಲೆ ಎಲ್ಲರಿಗೂ ಅರ್ಧ ನಿಮಿಷ ಕೊಡಿ. ಯಾರ ನಂತರ ಯಾರು ಎಂದು ಪಟ್ಟಿ ಹಿಡಿದು ಹೆಸರು ಕೂಗಲು ಎರಡೂ ಮನೆಯವರ ಗುರುತಿರುವ ಒಬ್ಬರು ಬೇಕು. ಪಟ್ಟಿಯಲ್ಲಿ ವಯಸ್ಸಾದವರು ಮೊದಲು, ಆಮೇಲೆ ದೂರದ ರೈಲು ಹಿಡಿಯುವವರು, ಕೊನೆಗೆ ಮನೆಯವರು. ಹಾಲ್ ಸಂಜೆ ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾದರೆ ಈ ಪಟ್ಟಿ ಇಲ್ಲದೆ ನಡೆಯುವುದೇ ಇಲ್ಲ.

ಒಪ್ಪಂದದಲ್ಲಿ ಹಕ್ಕಿನ ಸಾಲು ಏನಿದೆ ಅಂತಲೂ ಓದಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಮಾಲೀಕರು ತೆಗೆಸಿದವರೇ, ಬೇರೆ ಕರಾರು ಇಲ್ಲದಿದ್ದರೆ. ಆ 'ಬೇರೆ ಕರಾರು' ಒಪ್ಪಂದದ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಇರಬಹುದು. ನಿಮ್ಮ ಮಗಳ ಫೋಟೊವನ್ನು ಅವರು ಇನ್‌ಸ್ಟಾಗ್ರಾಂನಲ್ಲಿ ಹಾಕಬಹುದೇ, ಮಕ್ಕಳ ಫೋಟೊ ಹಾಕಬಹುದೇ ಎಂದು ಸಹಿ ಮಾಡುವ ಮುಂಚೆಯೇ ತೀರ್ಮಾನಿಸಿ. ನೆಂಟರು ತೆಗೆದ ಫೋಟೊ ತೆಗೆದವರದು. ಅದರ ಮೇಲೆ ಫೋಟೊಗ್ರಾಫರ್‌ಗೆ ಯಾವ ಹಕ್ಕೂ ಇಲ್ಲ. ಆದರೂ ಹುಡುಗಿ ತಾನೇ ಒಂದು ಫೋಟೊ ಹಾಕುವ ತನಕ ಉಳಿದವರು ತಡೆಯುವುದು ಒಳ್ಳೆಯ ನಡತೆ. ಇದನ್ನು ಗೆಳತಿಯರ ಗುಂಪಿನಲ್ಲಿ ಅವಳೇ ಹೇಳಲಿ.

ಕೊನೆಯದಾಗಿ, ಇಷ್ಟೆಲ್ಲ ಫೋಟೊ ಒಟ್ಟು ಮಾಡುವುದು. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಕುಗ್ಗುತ್ತದೆ, ಆಲ್ಬಮ್‌ಗೆ ದೊಡ್ಡದಾಗಿ ಹಾಕಿಸಲು ಬರುವುದಿಲ್ಲ. ಡಾಕ್ಯುಮೆಂಟ್ ಅಂತ ಆಯ್ದು ಕಳಿಸಿದರೆ ಇದ್ದ ಹಾಗೇ ಬರುತ್ತದೆ. ಇನ್ನೂ ಸುಲಭ ಅಂದರೆ ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಅದರ ಕ್ಯೂಆರ್ ಕೋಡ್ ಪ್ರಿಂಟ್ ತೆಗೆಸಿ ಊಟದ ಹಾಲ್‌ನಲ್ಲಿ ಕೈತೊಳೆಯುವ ಜಾಗದ ಹತ್ತಿರ ಅಂಟಿಸುವುದು. ಹಾಕಿದ್ದು ಹಾಕಿದವರ ಖಾತೆಯ ಜಾಗದ ಲೆಕ್ಕಕ್ಕೇ ಸೇರುತ್ತದೆ. ಬಿಟ್ಟಿ ಸಿಗುವುದು 15 ಜಿಬಿಯ ತನಕ ಮಾತ್ರ, ವಿಡಿಯೊ ಹಾಕಿದರೆ ಬೇಗ ತುಂಬುತ್ತದೆ. ಆ ಹುಡುಗ ತನ್ನ ಕ್ಯಾಮೆರಾದ ಗಡಿಯಾರವನ್ನು ಫೋನಿನ ಸಮಯಕ್ಕೆ ಸರಿಯಾಗಿ ಇಟ್ಟಿರಲಿ, ಫೋಟೊಗ್ರಾಫರ್‌ಗೂ ಹೇಳಿ. ಆಗ ಎಲ್ಲರ ಫೋಟೊ ನಡೆದ ಕ್ರಮದಲ್ಲೇ ಜೋಡಿಸಿಕೊಳ್ಳುತ್ತವೆ. ಮದುವೆ ಮುಗಿದ ಎರಡು ಮೂರು ದಿನದೊಳಗೆ ಕೇಳಿ ತರಿಸಿಕೊಳ್ಳಿ. ಮೆಮೊರಿ ತುಂಬಿತು ಅಂತ ಜನ ಬೇಗ ಅಳಿಸಿಬಿಡುತ್ತಾರೆ.

ಸದ್ಯಕ್ಕೆ ಮೊದಲು ಮಾಡಬೇಕಾದದ್ದು ಫೋಟೊಗ್ರಾಫರ್‌ಗೆ ಒಂದು ಫೋನ್. ಒಪ್ಪಂದದ ಆ ಸಾಲು ಬದಲಾಯಿಸಲು, ಲೈಟಿನ ವಿಷಯ ಕೇಳಲು, ಅಜ್ಜಿಯ ಟ್ರೈಪಾಡ್‌ಗೆ ಜಾಗ ಗೊತ್ತು ಮಾಡಲು. ಸಾಧ್ಯವಾದರೆ ಮುಹೂರ್ತಕ್ಕೆ ಒಂದು ವಾರ ಇರುವಾಗ ಅವರು, ಭಟ್ಟರು, ನಿಮ್ಮ ಮೈದುನನ ಮಗ, ಮೂವರೂ ಹಾಲ್‌ಗೆ ಬಂದು ಒಮ್ಮೆ ಮಂಟಪದ ಜಾಗ ನೋಡಲಿ.